ನೂರು ಪೌಂಡಿನ ಬ್ಲೂಫಿನ್ ಬೋಟು ಹತ್ತಬೇಕಾದರೆ: ಸ್ಯಾನ್ ಡಿಯೇಗೊ ಟ್ಯೂನಾ ಬೇಟೆಯ ಸಮಗ್ರ ಮಾರ್ಗದರ್ಶಿ

ದೊಡ್ಡ ಮೀನು ಗಾಳಕ್ಕೆ ಬೀಳುವುದು ಅದೃಷ್ಟ. ಬಿದ್ದ ಮೀನು ತಪ್ಪಿಸಿಕೊಂಡಾಗ ಮಾತ್ರ ಅದೃಷ್ಟದ ಮೇಲೆ ಹೊರಿಸುವಂತಿಲ್ಲ. ಗಂಟು ಜಾರಿರುತ್ತದೆ, ಡ್ರ್ಯಾಗ್, ಅಂದರೆ ರೀಲಿನ ಬ್ರೇಕು, ಅಂದಾಜಿನಲ್ಲಿ ಬಿಗಿದಿರುತ್ತದೆ, ಇಲ್ಲವೇ ಮೀನು ಬಲಕ್ಕೆ ಓಡಿದಾಗ ರಾಡು ಹಿಡಿದವರು ನಿಂತಲ್ಲೇ ನಿಂತಿರುತ್ತಾರೆ. ಮೂರೂ ಮುಂಚೆಯೇ ಸರಿಪಡಿಸಬಹುದಾದ ತಪ್ಪುಗಳು. ಹಾಗಾಗಿ ಈ ಬರಹದ ಅರ್ಧ ಭಾಗ ಬೋಟು ಹತ್ತುವ ಮೊದಲು ಮನೆಯ ಮೇಜಿನ ಮೇಲೆ ಆಗಬೇಕಾದ ಕೆಲಸದ ಬಗ್ಗೆಯೇ ಇದೆ.

ಇಲ್ಲಿ ಹೇಳುತ್ತಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಿಂದ ಹೊರಡುವ, ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಹೋಗುವ ಸ್ಪೋರ್ಟ್‌ಫಿಶಿಂಗ್ ಬೋಟುಗಳ ಮಾತು. ಅಲ್ಲಿನ ರಾಜಮೀನು ಪೆಸಿಫಿಕ್ ಬ್ಲೂಫಿನ್ ಟ್ಯೂನಾ. ನಮ್ಮ ಕರಾವಳಿಯ ಕೇದರದ ದೂರದ ನೆಂಟ, ಗಾತ್ರದಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಜಪಾನಿನ ಸುತ್ತಲಿನ ಸಮುದ್ರದಲ್ಲಿ ಮೊಟ್ಟೆಯೊಡೆದು, ಮರಿಯಾಗಿದ್ದಾಗಲೇ ಪೆಸಿಫಿಕ್ ದಾಟಿ ಬಂದು, ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೊದ ತಣ್ಣನೆಯ ನೀರಿನಲ್ಲಿ ಕೆಲ ವರ್ಷ ತಿಂದು ಕೊಬ್ಬಿ ಮತ್ತೆ ತವರಿಗೆ ಮರಳುವ ಜಾತಿ ಇದು. ಈ ಜಾತಿಯ ಅಂತರರಾಷ್ಟ್ರೀಯ ದಾಖಲೆ 907 ಪೌಂಡಿಗೂ ಮೇಲಿನದು, ಅಂದರೆ ಸುಮಾರು 411 ಕಿಲೋ. 2014ರಲ್ಲಿ ನ್ಯೂಜಿಲೆಂಡಿನಲ್ಲಿ ಡೋನಾ ಪಾಸ್ಕೋ ಹಿಡಿದದ್ದು. ಸ್ಯಾನ್ ಡಿಯೇಗೊದಲ್ಲಿ ಕೈಗೆ ಸಿಗಬಹುದಾದದ್ದು 20 ಪೌಂಡಿನಿಂದ 200 ಪೌಂಡು ದಾಟಿದ ಮೀನಿನವರೆಗೆ. ಮೊದಲ ಗುರಿ 100 ಎಂದಿಟ್ಟುಕೊಳ್ಳೋಣ, ಅಂದರೆ 45 ಕಿಲೋ.

ಯಾವ ಟ್ರಿಪ್ಪು

ಪಾಯಿಂಟ್ ಲೋಮಾದ ಸ್ಕಾಟ್ ಸ್ಟ್ರೀಟ್ ಅಕ್ಕಪಕ್ಕದಲ್ಲಿ ಎಚ್ ಅಂಡ್ ಎಂ, ಫಿಶರ್‌ಮನ್ಸ್, ಪಾಯಿಂಟ್ ಲೋಮಾ ಎಂಬ ಮೂರು ಲ್ಯಾಂಡಿಂಗ್‌ಗಳಿವೆ, ಅಂದರೆ ಬೋಟು ಹೊರಡುವ ದಕ್ಕೆಗಳು. ಮಿಷನ್ ಬೇಯಲ್ಲಿ ಸೀಫೋರ್ತ್. ಅರ್ಧ ದಿನದಿಂದ ಹಿಡಿದು ವಾರಗಟ್ಟಲೆಯ ಟ್ರಿಪ್ಪುಗಳವರೆಗೆ ಸಿಗುತ್ತವೆ. ದೊಡ್ಡ ಬ್ಲೂಫಿನ್ ಬೇಕಿದ್ದರೆ ಒಂದೂವರೆ ದಿನಕ್ಕಿಂತ ಕಡಿಮೆಯದಕ್ಕೆ ದುಡ್ಡು ಹಾಕಬೇಡಿ. ಮೀನು ಹೆಚ್ಚಾಗಿ ನೆಲೆಸುವ ಸ್ಯಾನ್ ಕ್ಲೆಮೆಂಟೆ ದ್ವೀಪದ ಆಚೀಚೆ, ಟ್ಯಾನರ್ ಬ್ಯಾಂಕ್, ಕೋರ್ಟೆಸ್ ಬ್ಯಾಂಕ್ ಎಂಬ ಸಮುದ್ರದಡಿಯ ದಿಬ್ಬಗಳು, ಎಲ್ಲ ದೂರದ ಜಾಗಗಳು. ಕೋರ್ಟೆಸ್ ಎಂದರೆ ನೂರು ಮೈಲಿಯ ಹತ್ತಿರ. ಹೋಗಿ ಬರುವುದರಲ್ಲೇ ಒಂದು ರಾತ್ರಿಯ ಟ್ರಿಪ್ಪು ಮುಗಿದುಹೋಗುತ್ತದೆ. ಎರಡೂವರೆ ದಿನದ್ದಾದರೆ ಎರಡು ರಾತ್ರಿ, ಎರಡು ಬೆಳಗಿನ ಜಾವ ಸಿಗುತ್ತವೆ. ದೊಡ್ಡ ಮೀನಿನ ಲೆಕ್ಕದಲ್ಲಿ ಹಗಲಿಗಿಂತ ಈ ರಾತ್ರಿಗಳೇ ಮುಖ್ಯ.

ಬೇಸಿಗೆಯಿಂದ ಶರತ್ಕಾಲದವರೆಗೆ ಭರ್ತಿ ಕಾಲ. ಬುಕ್ ಮಾಡುವ ಮುನ್ನ ಆ ಬೋಟಿಗೆ ಹಿಂದಿನ ಹತ್ತು ದಿನ ಸಿಕ್ಕ ಮೀನಿನ ಲೆಕ್ಕ ನೋಡಿ. ಎಷ್ಟು ಮೀನು ಎನ್ನುವುದಕ್ಕಿಂತ ಯಾವ ಗಾತ್ರದ್ದು ಎನ್ನುವುದನ್ನು ಗಮನಿಸಿ. 25 ಪೌಂಡಿನ ಮೀನು ಎಲ್ಲರಿಗೂ ಎರಡೆರಡು ಸಿಕ್ಕ ಬೋಟಿಗಿಂತ, ಒಟ್ಟು ಹದಿನೈದೇ ಸಿಕ್ಕರೂ ಎಲ್ಲ 80ರ ಮೇಲಿದ್ದ ಬೋಟು ನಿಮಗೆ ಸರಿ.

ಕಾಗದಪತ್ರದ ವಿಷಯ ಚಿಕ್ಕದಾಗಿ: 16 ವರ್ಷ ದಾಟಿದವರಿಗೆ ಕ್ಯಾಲಿಫೋರ್ನಿಯಾ ಮೀನುಗಾರಿಕೆ ಲೈಸೆನ್ಸ್ ಬೇಕು. ಬೋಟು ಮೆಕ್ಸಿಕೊದ ನೀರಿಗೆ ಹೋಗುವುದಾದರೆ ಪಾಸ್‌ಪೋರ್ಟ್ ಮತ್ತು ಅಲ್ಲಿನ ಪರವಾನಗಿ. ವೀಸಾದ ಮೇಲೆ ಅಮೆರಿಕದಲ್ಲಿರುವ ನಮ್ಮವರು ಬುಕ್ ಮಾಡುವಾಗಲೇ ಬೋಟು ಯಾವ ನೀರಿಗೆ ಹೋಗುತ್ತದೆ ಎಂದು ಕೇಳಿಕೊಂಡರೆ ಒಳ್ಳೆಯದು, ದಕ್ಕೆಯಲ್ಲಿ ನಿಂತು ಕೇಳುವ ಪ್ರಶ್ನೆ ಅದಲ್ಲ. ಬ್ಲೂಫಿನ್ ಮಿತಿ 2015ರಿಂದ ಒಬ್ಬರಿಗೆ ದಿನಕ್ಕೆ 2, ಟ್ರಿಪ್ಪು ಎಷ್ಟೇ ದಿನದ್ದಾದರೂ ಒಟ್ಟು 6. ಹೊರಡುವ ವಾರ ಆ ವರ್ಷದ ನಿಯಮವನ್ನು ಒಮ್ಮೆ ನೋಡಿಕೊಳ್ಳಿ.

ಸಲಕರಣೆ: ಎರಡು ರಾಡಾದರೂ ಸಾಕು, ನಾಲ್ಕಿದ್ದರೆ ಹಬ್ಬ

ಅನುಭವಿಗಳು 30, 40, 60, 100 ಪೌಂಡಿನ ನಾಲ್ಕು ಸೆಟ್ಟು ಹೊರುತ್ತಾರೆ. ಈ ಪೌಂಡು ಲೈನು ತಾಳುವ ಎಳೆತದ ಲೆಕ್ಕ. ಮೊದಲ ಸಲದವರಿಗೆ ಎರಡು ಸಾಕು: ಹಗಲಿನ ಜೀವಂತ ಎರೆಗೆ 40ರದ್ದು, ರಾತ್ರಿಯ ಜಿಗ್ಗಿಗೆ, ಅಂದರೆ ಮೀನಿನಂತೆ ಕಾಣುವ ಲೋಹದ ಎರೆಗೆ, 100ರದ್ದು. ಲ್ಯಾಂಡಿಂಗ್‌ಗಳಲ್ಲಿ ಬಾಡಿಗೆಗೂ ಸಿಗುತ್ತವೆ. ಸಾಲ ಮಾಡಿ ಕೊಳ್ಳುವ ಬದಲು ಮೊದಲ ಎರಡು ಟ್ರಿಪ್ಪು ಬಾಡಿಗೆಯಲ್ಲೇ ಕಳೆಯುವುದು ಜಾಣತನ.

100ರ ಸೆಟ್ಟು ಹೀಗಿರಲಿ. ರಾಡು 7ರಿಂದ 7½ ಅಡಿ, 80–130 ಪೌಂಡಿನ ಲೈನಿಗೆ ಮಾಡಿದ್ದು, ಬುಡದ ಅರ್ಧ ಬಗ್ಗದಷ್ಟು ಗಟ್ಟಿ. ದೋಣಿಯ ಅಂಚಿನ ಕಟ್ಟೆಗೆ, ಅಂದರೆ ಅಲ್ಲಿನವರ ಬಾಯಲ್ಲಿ ರೇಲಿಗೆ, ಒರಗಿಸಿಕೊಂಡು ಹೋರಾಡುವುದರಿಂದ ಮುಂದಿನ ಹಿಡಿ ಉದ್ದವಿರಬೇಕು. ರೀಲು ಎರಡು ಗೇರಿನ ಲಿವರ್ ಡ್ರ್ಯಾಗ್ ರೀಲೇ ಆಗಬೇಕು, 80 ಅಥವಾ 100 ಪೌಂಡಿನ ಬ್ರೇಡ್ (ಎಳೆಗಳನ್ನು ಹೆಣೆದು ಮಾಡಿದ ಲೈನು) 400 ಗಜಕ್ಕಿಂತ ಹೆಚ್ಚು ಹಿಡಿಯುವಂಥದ್ದು. ಒಂದೇ ಗೇರಿನ ರೀಲಿನಲ್ಲಿ 100 ಪೌಂಡಿನ ಮೀನು ತಳ ಹಿಡಿದು ಕುಳಿತರೆ ಹ್ಯಾಂಡಲ್ ತಿರುಗುವುದೇ ಇಲ್ಲ. ಕೆಳ ಗೇರಿಗೆ ಹಾಕಿದ ಕೂಡಲೇ ಅದೇ ಮೀನು ಒಂದೊಂದು ಗೇಣಾಗಿ ಮೇಲೆ ಬರುತ್ತದೆ.

ಬ್ರೇಡಿನ ತುದಿಗೆ ಫ್ಲೋರೋಕಾರ್ಬನ್ ಲೀಡರ್, ಅಂದರೆ ಬ್ರೇಡಿಗೂ ಗಾಳಕ್ಕೂ ನಡುವಿನ ಪಾರದರ್ಶಕ ಲೈನಿನ ತುಂಡು. ಇದರ ಬೆಳಕಿನ ವಕ್ರೀಭವನ ಸೂಚ್ಯಂಕ 1.42ರ ಆಸುಪಾಸು. ನೀರಿನದು 1.33, ಮಾಮೂಲಿ ನೈಲಾನಿನದು 1.5ಕ್ಕಿಂತ ಮೇಲೆ. ನೀರಿಗೆ ಹತ್ತಿರವಿದ್ದಷ್ಟೂ ಮೀನಿನ ಕಣ್ಣಿಗೆ ಬೀಳುವುದು ಕಡಿಮೆ. ಬ್ಲೂಫಿನ್ನಿನ ಕಣ್ಣು ಬಹಳ ಚುರುಕು, ಹಗಲು ಈ ವ್ಯತ್ಯಾಸಕ್ಕೆ ಬೆಲೆಯಿದೆ. ರಾತ್ರಿ ಇಲ್ಲ. ಆದ್ದರಿಂದ ರಾತ್ರಿ ತೆಳ್ಳಗಿನ ಲೀಡರ್ ಹಾಕುವುದು ಬರೀ ನಷ್ಟ. 100ರಿಂದ 130ರದ್ದು, 6–8 ಅಡಿ ಉದ್ದ ಹಾಕಿ.

ಎಫ್‌ಜಿ ಗಂಟು, ನಿಧಾನವಾಗಿ

ಬ್ರೇಡಿಗೂ ಲೀಡರಿಗೂ ಬೆಸುಗೆ ಇದೇ ಗಂಟಿನಿಂದ. ತೆಳ್ಳಗಿರುವುದರಿಂದ ರಾಡಿನ ಉಂಗುರಗಳೊಳಗೆ ಸಲೀಸಾಗಿ ಹರಿಯುತ್ತದೆ, ಸರಿಯಾಗಿ ಕಟ್ಟಿದರೆ ಬ್ರೇಡಿನ ಪೂರ್ಣ ಬಲವನ್ನೇ ಹೆಚ್ಚುಕಡಿಮೆ ಉಳಿಸಿಕೊಡುತ್ತದೆ. ತೂಗಾಡುವ ಬೋಟಿನಲ್ಲಿ, ಗಾಳಿಯಲ್ಲಿ, ನಡುಗುವ ಕೈಯಲ್ಲಿ ಇದನ್ನು ಮೊದಲ ಬಾರಿಗೆ ಕಲಿಯಲಾಗುವುದಿಲ್ಲ. ಮನೆಯಲ್ಲಿ ಇಪ್ಪತ್ತು ಸಲ ಕಟ್ಟಿ.

ಬ್ರೇಡನ್ನು ವೀಣೆಯ ತಂತಿಯಂತೆ ಬಿಗಿದುಕೊಳ್ಳಿ. ರಾಡನ್ನು ಸ್ಟ್ಯಾಂಡಿನಲ್ಲಿಟ್ಟು, ಬ್ರೇಡಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರೂ ಆದೀತು. ಬಿಗಿ ಸಡಿಲಾದ ಕ್ಷಣ ಗಂಟು ಕೆಟ್ಟಿತೆಂದೇ ಲೆಕ್ಕ. ಲೀಡರಿನ ತುದಿಯನ್ನು ಬ್ರೇಡಿಗೆ ಅಡ್ಡ ಹಿಡಿದು ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ ಸುತ್ತುತ್ತ ಹೋಗಿ, ಜಡೆ ಹೆಣೆದಂತೆ. ಒಂದರ ಪಕ್ಕ ಒಂದು ಕೂರಬೇಕು, ಒಂದರ ಮೇಲೆ ಒಂದು ಹತ್ತಬಾರದು. 100ರ ಲೀಡರಿಗೆ 20 ಸುತ್ತು ಸಾಕು, 40ರದ್ದಕ್ಕೆ 24. ಸುತ್ತು ಮುಗಿದ ಮೇಲೆ ಲೀಡರ್ ಮತ್ತು ಬ್ರೇಡ್ ಎರಡನ್ನೂ ಸೇರಿಸಿ ಬ್ರೇಡಿನ ತುದಿಯಿಂದ ಒಂದು ಅರೆಗಂಟು ಹಾಕಿ. ಈಗ ಉಗುಳು ಹಚ್ಚಿ, ಕೈಗವಸು ತೊಟ್ಟು ಬ್ರೇಡನ್ನೂ ಲೀಡರನ್ನೂ ಎರಡು ಕಡೆಗೆ ಜೋರಾಗಿ ಎಳೆಯಿರಿ. ಹೆಣಿಗೆ ಬಿಗಿದಂತೆಲ್ಲ ಬ್ರೇಡಿನ ಬಣ್ಣ ಗಾಢವಾಗುತ್ತದೆ. ಬಣ್ಣ ಬದಲಾಗದಿದ್ದರೆ ಬ್ರೇಡು ಲೀಡರನ್ನು ಕಚ್ಚಿಲ್ಲವೆಂದೇ ಅರ್ಥ. ಬಿಚ್ಚಿ ಮತ್ತೆ ಕಟ್ಟಿ. ಕಚ್ಚಿದ್ದರೆ ಎರಡರ ಮೇಲೂ ಆಚೀಚೆ ಬದಲಿಸುತ್ತ ಇನ್ನು 5 ಅರೆಗಂಟು, ಲೀಡರಿನ ಉಳಿಕೆಯನ್ನು ಬುಡಕ್ಕೇ ಕತ್ತರಿಸಿ, ಬರೀ ಬ್ರೇಡಿನ ಮೇಲೆ ಮತ್ತೆ 5. ಲೀಡರಿನ ಕತ್ತರಿಸಿದ ಅಂಚು ಚೂಪಾಗಿ ಉಳಿಯದಂತೆ ನೋಡಿಕೊಳ್ಳಿ, ಅದು ಉಂಗುರಕ್ಕೆ ತಾಕಿದರೆ ಟಿಕ್ ಟಿಕ್ ಎಂದು ಕೇಳಿಸುತ್ತದೆ.

ಪರೀಕ್ಷೆ: ತುದಿಯನ್ನು ಗಟ್ಟಿ ಕಂಬಕ್ಕೆ ಕಟ್ಟಿ, ಕೋಲಿನ ತುಂಡಿಗೆ ಬ್ರೇಡು ಸುತ್ತಿಕೊಂಡು, ನಿಮ್ಮ ಪೂರ್ತಿ ಭಾರ ಹಾಕಿ ಹಿಂದಕ್ಕೆ ಬಾಗಿ. ಕಣ್ಣಿಗೆ ಕನ್ನಡಕ ಇರಲಿ. ಮನೆಯಲ್ಲಿ ಜಾರಿದ ಗಂಟಿನಿಂದ ಹೋಗುವುದು ಹತ್ತು ನಿಮಿಷ ಮಾತ್ರ.

ಗಾಳದ ಕಡೆಗೆ 100ರವರೆಗೆ ಸ್ಯಾನ್ ಡಿಯೇಗೊ ಜ್ಯಾಮ್ ಗಂಟು, 5 ಸುತ್ತು. 130 ದಾಟಿದರೆ ಗಂಟು ಸರಿಯಾಗಿ ಕೂರುವುದಿಲ್ಲ, ಲೈನನ್ನು ಹಿಡಿದಿಡುವ ಲೋಹದ ಪುಟ್ಟ ಕೊಳವೆ, ಅಂದರೆ ಕ್ರಿಂಪ್, ಒತ್ತಿಸಬೇಕು. ಬೋಟಿನ ಹುಡುಗರ ಬಳಿ ಇಕ್ಕಳವಿರುತ್ತದೆ, ಕೇಳಿದರೆ ಮಾಡಿಕೊಡುತ್ತಾರೆ.

ಡ್ರ್ಯಾಗ್: ಬೆರಳಿನ ಅಂದಾಜು ಬೇಡ, ತಕ್ಕಡಿ ಹಿಡಿಯಿರಿ

ಡ್ರ್ಯಾಗ್ ಎಂದರೆ ಮೀನು ಎಷ್ಟು ಎಳೆದರೆ ರೀಲು ಲೈನು ಬಿಟ್ಟುಕೊಡಬೇಕು ಎಂಬ ಬ್ರೇಕು. ಸೂತ್ರ ಸುಲಭ: ಲೀಡರಿನ ಬಲದ ಕಾಲು ಭಾಗದಿಂದ ಶೇ. 30. 40ರ ಲೀಡರಿಗೆ 10–12 ಪೌಂಡು, 60ಕ್ಕೆ 15–18, 100ಕ್ಕೆ 25–30. ಲಗೇಜು ತೂಗುವ ಕೊಕ್ಕೆ ತಕ್ಕಡಿಗೆ ಲೈನಿನ ತುದಿ ಕಟ್ಟಿ, ರಾಡನ್ನು 45 ಡಿಗ್ರಿಯಲ್ಲಿ ಹಿಡಿದು, ಇನ್ನೊಬ್ಬರಿಂದ ತಕ್ಕಡಿಯನ್ನು ನಿಧಾನವಾಗಿ ಎಳೆಸಿ. ಲೈನು ಬಿಡತೊಡಗಿದಾಗ ಮುಳ್ಳು ಎಲ್ಲಿದೆಯೋ ಅದೇ ನಿಮ್ಮ ಡ್ರ್ಯಾಗ್. ಲಿವರಿನ ಆ ಜಾಗಕ್ಕೆ ಒಂದು ಚುಕ್ಕೆ ಬಣ್ಣ ಹಚ್ಚಿ, ಕತ್ತಲಲ್ಲಿ ಹುಡುಕುವುದು ತಪ್ಪುತ್ತದೆ. 30 ಪೌಂಡಿನ ಡ್ರ್ಯಾಗ್ ಎಂದರೆ ಸುಮಾರು 14 ಕಿಲೋ ಎಳೆತ. ಕೇಳಲು ಏನೂ ಅಲ್ಲ ಅನಿಸುತ್ತದೆ, ರಾಡಿನ ತುದಿಯಲ್ಲಿ ಎತ್ತಿ ನೋಡಿದರೆ ಗೊತ್ತಾಗುತ್ತದೆ.

ಹೆಚ್ಚಿನವರಿಗೆ ತಿಳಿಯದೆ ಲೈನು ಕಡಿಯುವುದು ಇಲ್ಲಿ: ಸ್ಪೂಲಿನಿಂದ, ಅಂದರೆ ಲೈನು ಸುತ್ತಿರುವ ಉರುಳೆಯಿಂದ, ಲೈನು ಹೋದಂತೆ ಡ್ರ್ಯಾಗ್ ತಾನಾಗಿ ಹೆಚ್ಚುತ್ತದೆ. ಬ್ರೇಕಿನ ಹಿಡಿತ ಅಷ್ಟೇ ಇರುತ್ತದೆ, ಆದರೆ ಲೈನಿನ ಸುತ್ತಿನ ತ್ರಿಜ್ಯ ಕುಗ್ಗಿರುತ್ತದೆ. ತ್ರಿಜ್ಯ ಅರ್ಧವಾದರೆ ಎಳೆತ ಇಮ್ಮಡಿ. ತುಂಬಿದ ಸ್ಪೂಲಿನಲ್ಲಿ 25 ಇದ್ದದ್ದು 50 ಆಗುತ್ತದೆ. ಮೇಲಿಂದ ನೀರಿನಲ್ಲಿ ಬಿಲ್ಲಿನಂತೆ ಬಾಗಿದ ಇನ್ನೂರು ಮುನ್ನೂರು ಗಜ ಲೈನಿನ ಘರ್ಷಣೆ ಬೇರೆ. ಮೀನು ದೂರ ಓಡಿದಾಗ ಗಾಬರಿಯಿಂದ ಲಿವರನ್ನು ಮುಂದಕ್ಕೆ ತಳ್ಳುವುದು ಎಂದರೆ ಕತ್ತರಿ ಹಾಕಿದಂತೆಯೇ. ಸ್ಪೂಲು ಅರ್ಧಕ್ಕಿಂತ ಬರಿದಾದರೆ ಲಿವರನ್ನು ಸ್ವಲ್ಪ ಹಿಂದಕ್ಕೆ ತನ್ನಿ, ಲೈನು ವಾಪಸು ತುಂಬಿದಂತೆ ಚುಕ್ಕೆಗೆ ಮರಳಿಸಿ.

ಬೋಟು ಹತ್ತಿದ ಮೇಲೆ

ಹತ್ತುವಾಗ ನಿಮಗೊಂದು ನಂಬರು ಕೊಡುತ್ತಾರೆ. ಮುಂದೆ ನೀವು ಹಿಡಿದ ಮೀನಿನ ಕಿವಿರಿಗೂ ಅದೇ ನಂಬರಿನ ಚೀಟಿ ಬೀಳುತ್ತದೆ, ಮರೆಯಬೇಡಿ. ಸಮುದ್ರದ ವಾಂತಿಯ ಮಾತ್ರೆ ಹೊರಡುವ ಹಿಂದಿನ ರಾತ್ರಿಯೇ ಶುರುವಾಗಲಿ. ಹೊಟ್ಟೆ ತೊಳಸತೊಡಗಿದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಸಸ್ಯಾಹಾರಿಗಳು ಅಡುಗೆಯವರಿಗೆ ಮೊದಲೇ ತಿಳಿಸಿ. ಮೀನು ಹಿಡಿಯುವ ಬೋಟಿನಲ್ಲಿ ಸಸ್ಯಾಹಾರ ಕೇಳಿದರೆ ಒಂದು ನಗು ಬಂದೀತು, ಊಟವೂ ಬರುತ್ತದೆ. ಕೊಲ್ಲಿ ದಾಟುವ ಮುಂಚೆ ಬೋಟು ತೇಲುವ ಪಂಜರಗಳ ಹತ್ತಿರ ನಿಂತು ಜೀವಂತ ಸಾರ್ಡಿನ್ ತುಂಬಿಸಿಕೊಳ್ಳುತ್ತದೆ. ನಮ್ಮಲ್ಲಿ ಬೂತಾಯಿ, ಕಾರವಾರದ ಕಡೆ ತಾರ್ಲಿ ಎನ್ನುತ್ತೇವಲ್ಲ, ಅದರದೇ ಬಳಗ. ಪುಳಿಮುಂಚಿಗೆ ಹೋಗಬೇಕಾದದ್ದು ಇಲ್ಲಿ ಎರೆ.

ಆಮೇಲೆ ಮಲಗಿ. ಹರಟೆ ಹೊಡೆಯುತ್ತ ಬಿಯರು ಹಿಡಿದು ಕುಳಿತವರು ಬೆಳಗಿನ ಮೂರಕ್ಕೆ ಏಳಲಾರರು, ಎದ್ದರೂ ನಲವತ್ತು ನಿಮಿಷ ಮೀನಿನ ಜೊತೆ ಗುದ್ದಾಡಲಾರರು.

ರಾತ್ರಿಯ ಜಿಗ್ಗು: ದೊಡ್ಡ ಮೀನಿಗೆ ಇದೇ ಹೆಬ್ಬಾಗಿಲು

ಕತ್ತಲಲ್ಲಿ ಬ್ಲೂಫಿನ್ ದಪ್ಪ ಲೈನಿಗೂ ಬಾಯಿ ಹಾಕುತ್ತದೆ, ಹಗಲು ಅದೇ ಮೀನು 40ರ ಲೈನನ್ನೂ ಮೂಸಿ ಬಿಡುತ್ತದೆ. ಜೀವಮಾನದ ದೊಡ್ಡ ಮೀನು ಬೇಕಿದ್ದವರು ನಿದ್ದೆಗೆಡಬೇಕಾದದ್ದು ಇದಕ್ಕೇ.

200–250 ಗ್ರಾಂನ, ಕತ್ತಲಲ್ಲಿ ಹೊಳೆಯುವ ಫ್ಲ್ಯಾಟ್‌ಫಾಲ್ ಜಿಗ್ಗು; ಗಾಳಿ ಜೋರಿದ್ದು ಬೋಟು ವೇಗವಾಗಿ ತೇಲುತ್ತಿದ್ದರೆ 300–400 ಗ್ರಾಂನ ನೈಫ್ ಜಿಗ್ಗು. ಕೊಂಡಾಗ ಬಂದ ಗಾಳ ತೆಳ್ಳಗಿದ್ದರೆ ಬದಲಿಸಿ; ಇಕ್ಕಳದಲ್ಲಿ ಹಿಡಿದು ಬಗ್ಗಿಸಲು ಆಗುವ ಗಾಳವನ್ನು ಟ್ಯೂನಾ ಖಂಡಿತ ನೇರ ಮಾಡುತ್ತದೆ. ಲೀಡರನ್ನು ಗಟ್ಟಿ ಉಂಗುರಕ್ಕೆ ಕಟ್ಟಿ, ಆ ಉಂಗುರವನ್ನು ಸ್ಪ್ಲಿಟ್ ರಿಂಗಿನಿಂದ (ಬೀಗದ ಕೈ ಗೊಂಚಲಿನ ಉಂಗುರದಂಥದ್ದು) ಜಿಗ್ಗಿಗೆ ಸೇರಿಸಿ. ಸ್ಪ್ಲಿಟ್ ರಿಂಗಿಗೇ ನೇರ ಗಂಟು ಹಾಕಿದರೆ ಅದರ ಸೀಳಿನ ಅಂಚು ಲೀಡರನ್ನು ಕೊಯ್ಯುತ್ತದೆ.

ಕ್ಯಾಪ್ಟನ್ ಸೋನಾರು ನೋಡಿ ಮೈಕಿನಲ್ಲಿ ಆಳ ಹೇಳುತ್ತಾರೆ, "ನೂರೈವತ್ತರಿಂದ ಇನ್ನೂರೈವತ್ತು ಅಡಿ" ಎಂದೋ ಏನೋ. ಅಳತೆಗೆ ಬಣ್ಣ ಬದಲಾಗುವ ಬ್ರೇಡಿದ್ದರೆ ಇಲ್ಲಿ ಉಪಯೋಗ: 10 ಮೀಟರಿಗೊಂದು ಬಣ್ಣವೆಂದರೆ 250 ಅಡಿಗೆ ಸುಮಾರು ಎಂಟು ಬಣ್ಣ. ಗಾಳಿ ಬೀಸಿ ಬರುವ ಬದಿಯ ರೇಲಿಗೆ ನಿಂತುಕೊಳ್ಳಿ. ಬೋಟು ಗಾಳಿಯೊಂದಿಗೆ ಸರಿಯುವುದರಿಂದ ಆ ಬದಿಯ ಲೈನು ಬೋಟಿನಿಂದ ದೂರಕ್ಕೆ ಹೋಗುತ್ತದೆ. ಎದುರು ಬದಿಯಲ್ಲಿ ಬಿಟ್ಟದ್ದು ಬೋಟಿನ ಅಡಿಗೇ ನುಗ್ಗುತ್ತದೆ.

ಸ್ಪೂಲಿನ ಮೇಲೆ ಹೆಬ್ಬೆರಳು ಹಗುರಾಗಿಟ್ಟು ಜಿಗ್ಗು ಇಳಿಯಲು ಬಿಡಿ. ಅದು ಅಡ್ಡಡ್ಡ ತೂಗುತ್ತ, ಎಲೆ ಉದುರಿದಂತೆ ಇಳಿಯುತ್ತದೆ. ಮೀನು ಹೆಚ್ಚಾಗಿ ಕಚ್ಚುವುದು ಈ ಇಳಿತದಲ್ಲೇ. ಜಗ್ಗಿದಂತೆ ಅನಿಸಬೇಕೆಂದೇನಿಲ್ಲ. ಹರಿಯುತ್ತಿದ್ದ ಲೈನು ತಟ್ಟನೆ ನಿಂತರೆ, ಇಲ್ಲವೇ ಇದ್ದಕ್ಕಿದ್ದಂತೆ ಜೋರಾಗಿ ಹರಿದರೆ, ಇಲ್ಲವೇ ಸಡಿಲ ಬಿದ್ದರೆ ಮೀನು ಬಾಯಿ ಹಾಕಿದೆ ಎಂದೇ ತಿಳಿಯಿರಿ. ಲಿವರನ್ನು ಚುಕ್ಕೆಗೆ ತನ್ನಿ, ರಾಡಿನ ತುದಿಯನ್ನು ನೀರಿನತ್ತ ಇಟ್ಟು, ಮೇಲಿನ ಗೇರಿನಲ್ಲಿ ಹುಚ್ಚು ಹಿಡಿದಂತೆ ಸುತ್ತಿ. ರಾಡನ್ನು ಮೇಲಕ್ಕೆ ಝಾಡಿಸಬೇಡಿ. ಟ್ಯೂನಾ ಜಿಗ್ಗನ್ನು ಬಾಯಲ್ಲಿಟ್ಟುಕೊಂಡು ಮೇಲಕ್ಕೇ ಬರುತ್ತಿರಬಹುದು, ಆಗ ಝಾಡಿಸಿದರೆ ಎಳೆಯುವುದು ಸಡಿಲ ಲೈನನ್ನು ಮಾತ್ರ. ಲೈನು ಬಿಗಿಯಾಗಿ ಡ್ರ್ಯಾಗ್ ಕೂಗುವವರೆಗೂ ಸುತ್ತುವುದೇ ಕೆಲಸ.

ಏನೂ ಕಚ್ಚದಿದ್ದರೆ ಹೇಳಿದ ಆಳಕ್ಕಿಂತ ಐವತ್ತು ಅಡಿ ಕೆಳಗಿನಿಂದ ನಿಧಾನವಾಗಿ ಹತ್ತಿಪ್ಪತ್ತು ಸುತ್ತು ತಂದು ಮತ್ತೆ ಬಿಡಿ. ಲೈನು ತೀರಾ ಓರೆಯಾದರೆ ಪೂರ್ತಿ ಎತ್ತಿ ಹೊಸದಾಗಿ ಇಳಿಸಿ, ಓರೆ ಲೈನು ಪಕ್ಕದವರಿಗೆಲ್ಲ ಗೋಜಲು.

ಹಗಲಿನ ಎರೆ

ಹಗಲಿನ ಆಟ ಸೂಕ್ಷ್ಮ. ಟ್ಯಾಂಕಿನಿಂದ ಸಾರ್ಡಿನ್ ಆರಿಸುವಾಗ ಮೂಗು ಕೆಂಪಾಗಿರದ, ಹುರುಪೆ ಉದುರಿರದ, ಬೆನ್ನು ಹಸಿರಾಗಿ ಹೊಳೆಯುವ, ಬಲೆಗೆ ಸಿಗದೆ ಓಡುವ ಮೀನೇ ಬೇಕು. ಸುಲಭಕ್ಕೆ ಕೈಗೆ ಬಂದದ್ದು ಸಾಯುತ್ತಿರುವ ಮೀನು. ಹಿಂಡದೆ ಹಿಡಿದು ಐದಾರು ಸೆಕೆಂಡಿನಲ್ಲಿ ಗಾಳಕ್ಕೇರಿಸಿ. ಮೂಗಿಗೆ ಚುಚ್ಚಿದರೆ ಮೇಲ್ಮಟ್ಟದಲ್ಲಿ ಈಜುತ್ತದೆ, ಹೊಟ್ಟೆಯ ಕೆಳಗೆ ಬಾಲದ ಕಡೆಯ ಈಜುರೆಕ್ಕೆಯ ಹತ್ತಿರ ಚುಚ್ಚಿದರೆ ಆಳಕ್ಕೆ ಧುಮುಕುತ್ತದೆ. ಗಾಳದ ಅಳತೆ ಎರೆಗೆ ತಕ್ಕಂತೆ: ಸಣ್ಣ ಸಾರ್ಡಿನ್ನಿಗೆ 1 ಅಥವಾ 1/0, ದೊಡ್ಡದಕ್ಕೆ 2/0, 3/0. ಭಾರದ ಗಾಳ ಹೊತ್ತ ಸಾರ್ಡಿನ್ ಈಜದೆ ಮುಳುಗುತ್ತದೆ.

ಮೀನು ಆಳದಲ್ಲಿದ್ದರೆ ಗಾಳದಿಂದ 20–30 ಅಡಿ ಮೇಲೆ 4–8 ಔನ್ಸಿನ ಸೀಸವನ್ನು ರಬ್ಬರ್‌ಬ್ಯಾಂಡಿನಿಂದ ಲೈನಿಗೆ ಕಟ್ಟಿ ಇಳಿಸಿ. ಹೋರಾಟದ ಕೊನೆಯಲ್ಲಿ ಸೀಸ ರಾಡಿನ ತುದಿಗೆ ಬಂದಾಗ ಹುಡುಗರು ಅದನ್ನು ಕಿತ್ತುಹಾಕುತ್ತಾರೆ.

ಕಚ್ಚಿದಾಗ ಸ್ಪೂಲು ಬಿಟ್ಟುಕೊಂಡಿರಿ, ಒಂದು ಎರಡು ಮೂರು ನಾಲ್ಕು ಎಣಿಸಿ, ಲಿವರು ಚುಕ್ಕೆಗೆ, ಸುತ್ತು. ವೃತ್ತಾಕಾರದ ಸರ್ಕಲ್ ಗಾಳವಾಗಿದ್ದರಂತೂ ಝಾಡಿಸುವ ಮಾತೇ ಇಲ್ಲ, ಬಿಗಿಯಾದಾಗ ಅದು ತಾನೇ ಬಾಯಿಯ ಮೂಲೆಗೆ ಹೊರಳಿ ಕೂರುತ್ತದೆ.

ಗಾಳ ಕೂತ ಮೇಲೆ

ಮೊದಲ ಓಟದಲ್ಲಿ ನೀವು ಮಾಡಬೇಕಾದದ್ದು ಏನೂ ಇಲ್ಲ. ರಾಡಿನ ಬುಡವನ್ನು ಕಂಕುಳಿಗೆ ಒತ್ತಿ ಲೈನು ಹೋಗಲು ಬಿಡಿ. ಹರಿಯುವ ಬ್ರೇಡಿಗೆ ಬೆರಳು ತಾಕಿಸಬೇಡಿ, ಮೂಳೆಯವರೆಗೂ ಕೊಯ್ಯುತ್ತದೆ.

ಆಮೇಲೆ ನಡೆಯಿರಿ. ಮೀನು ಎತ್ತ ಹೋಗುತ್ತದೋ ಅತ್ತ, ಲೈನು ಸದಾ ನಿಮ್ಮ ಎದೆಗೆ ನೇರ ಎದುರಿಗೆ ಇರುವಂತೆ. "ನೋ ಆ್ಯಂಗಲ್, ನೋ ಟ್ಯಾಂಗಲ್" ಎಂಬುದು ಅಲ್ಲಿನ ಬೋಟುಗಳ ನಿತ್ಯದ ಕೂಗು. ಇಪ್ಪತ್ತೈದು ಲೈನು ನೀರಿನಲ್ಲಿರುವಾಗ ನೀವು ನಿಂತಲ್ಲೇ ನಿಂತರೆ ನಿಮ್ಮ ಬಿಗಿದ ಬ್ರೇಡು ಇನ್ನೊಬ್ಬರ ಬಿಗಿದ ಬ್ರೇಡನ್ನು ಉಜ್ಜುತ್ತದೆ, ಕ್ಷಣದಲ್ಲಿ ಒಂದು ಕತ್ತರಿಸುತ್ತದೆ. ಪಕ್ಕದವರ ರಾಡಿನ ಕೆಳಗಿಂದ ನುಸುಳಬೇಕೋ ಮೇಲಿಂದ ದಾಟಬೇಕೋ ಎಂದು ಡೆಕ್ಕಿನ ಹುಡುಗರು ಕೂಗಿ ಹೇಳುತ್ತಾರೆ. ಅವರು "ಅಂಡರ್" ಎಂದರೆ ಅಂಡರ್. ವಾದ ಬೇಡ, ಅವರು ನೋಡುತ್ತಿರುವುದು ಎರಡು ಲೈನುಗಳನ್ನೂ.

ಮೀನು ಬೋಟಿನ ನೇರ ಕೆಳಗೆ ಬಂದು ನಿಂತಾಗ ನಿಜವಾದ ಕೂಲಿಕೆಲಸ ಶುರು. ಕೆಳ ಗೇರಿಗೆ ಹಾಕಿ. ರಾಡಿನ ಮುಂದಿನ ಹಿಡಿಯನ್ನು ರೇಲಿನ ಮೇಲಿಟ್ಟು, ಬುಡವನ್ನು ಕೆಳಗೆ ಒತ್ತಿದರೆ ತುದಿ ಮೇಲೇಳುತ್ತದೆ, ಸೀಸಾ ಹಲಗೆಯ ಹಾಗೆ. ಬೆನ್ನಿನ ಬದಲು ಬೋಟೇ ಭಾರ ಹೊರುತ್ತದೆ. ಅಲೆಗೆ ಬೋಟು ಏಳುವಾಗ ಸುಮ್ಮನೆ ಹಿಡಿದಿರಿ, ಆ ಏಳಿಗೆಯೇ ಮೀನನ್ನು ಎತ್ತುತ್ತದೆ. ಬೋಟು ಇಳಿಯುವಾಗ ಸಿಗುವ ಸಡಿಲವನ್ನು ಸುತ್ತಿಕೊಳ್ಳಿ. ಒಂದು ಅಲೆಗೆ ಅರ್ಧ ಸುತ್ತು ಬಂದರೂ ಲಾಭವೇ. ದೊಡ್ಡ ದೊಡ್ಡ ಎತ್ತು ಬೇಡ. ತುದಿಯನ್ನು ತಲೆಯ ಮೇಲೆ ಎತ್ತಿ ಮತ್ತೆ ಇಳಿಸುವ ಹೊತ್ತಿಗೆ ಮೀನು ತಲೆ ತಿರುಗಿಸಿ ಕೆಳಗೆ ಹೊರಡುತ್ತದೆ. ಸಣ್ಣ ಸಣ್ಣ ಎತ್ತಿನಲ್ಲಿ ಅದರ ತಲೆ ಮೇಲ್ಮುಖವಾಗಿಯೇ ಉಳಿಯುತ್ತದೆ.

ಕೈ ಸೋತು ಒಂದು ನಿಮಿಷ ಸುಧಾರಿಸಿಕೊಳ್ಳೋಣ ಅನಿಸುತ್ತದೆ. ಆ ಒಂದು ನಿಮಿಷದಲ್ಲಿ ನಿಮಗಿಂತ ಹೆಚ್ಚು ಸುಧಾರಿಸಿಕೊಳ್ಳುವುದು ಟ್ಯೂನಾ. ತೀರಾ ಆಗದಿದ್ದರೆ ರಾಡನ್ನು ಹುಡುಗರ ಕೈಗೆ ಕೊಡುವುದರಲ್ಲಿ ನಾಚಿಕೆಯಿಲ್ಲ, ಆದರೆ ಅದು ನಿಮ್ಮ ವೈಯಕ್ತಿಕ ದಾಖಲೆಯೋ ಅಲ್ಲವೋ ಎಂಬುದು ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು. ಮೀನು ಬೇಟೆಯ ದಾಖಲೆ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಜಿಎಫ್ಎ ನಿಯಮದಲ್ಲಂತೂ ಇನ್ನೊಬ್ಬರು ರಾಡು ಮುಟ್ಟಿದರೂ, ರಾಡನ್ನು ಬೋಟಿನ ಅಂಚಿಗೆ ಒರಗಿಸಿದರೂ ದಾಖಲೆ ಅನೂರ್ಜಿತ. ಅಂದರೆ ಮೇಲೆ ಹೇಳಿದ ರೇಲಿನ ವಿಧಾನದಲ್ಲಿ ವಿಶ್ವದಾಖಲೆ ಬರೆಯಲಾಗುವುದಿಲ್ಲ. ಮೀನು ಮಾತ್ರ ಬೋಟಿಗೆ ಬರುತ್ತದೆ.

ಕೊನೆಯ ಐವತ್ತು ಅಡಿ

ಯಾರೋ "ಕಲರ್!" ಎಂದು ಕೂಗುತ್ತಾರೆ. ನೀಲಿಯ ಆಳದಲ್ಲಿ ಬೆಳ್ಳಿಯ ಪಕ್ಕೆ ಒಮ್ಮೆ ಮಿಂಚಿ ಮರೆಯಾಗುತ್ತದೆ. ಕೈಗೆ ಬಂದೇಬಿಟ್ಟಿತು ಎನ್ನುವಷ್ಟರಲ್ಲಿ ಕಳೆದುಕೊಳ್ಳುವುದು ಇಲ್ಲೇ, ಕಾರಣ ಮೂರು. ಅರ್ಧ ಗಂಟೆಯ ಎಳೆದಾಟದಲ್ಲಿ ಗಾಳ ಚುಚ್ಚಿದ ತೂತು ಅಗಲವಾಗಿರುತ್ತದೆ, ಲೈನು ಒಂದು ಕ್ಷಣ ಸಡಿಲಾದರೂ ಗಾಳ ಉದುರುತ್ತದೆ. ಲೈನು ಗಿಡ್ಡವಾಗಿರುವುದರಿಂದ ಹಿಗ್ಗು ಉಳಿದಿರುವುದಿಲ್ಲ, ಮೀನು ತಲೆ ಕೊಡವಿದರೆ ಪೆಟ್ಟು ನೇರ ಗಂಟಿಗೆ. ಮೂರನೆಯದು ಗಾಬರಿ.

ಈ ಹಂತದಲ್ಲಿ ಟ್ಯೂನಾ ಬೋಟಿನ ಕೆಳಗೆ ಸುತ್ತು ಹಾಕತೊಡಗುತ್ತದೆ. ಸುತ್ತಿನ ಅರ್ಧದಲ್ಲಿ ನಿಮ್ಮಿಂದ ದೂರ ಹೋಗುತ್ತದೆ, ಆಗ ಹಿಡಿದಿರಿ, ಸುತ್ತಬೇಡಿ. ಉಳಿದರ್ಧದಲ್ಲಿ ನಿಮ್ಮತ್ತ ಬರುತ್ತದೆ, ಆಗ ಎಷ್ಟಾದರೆ ಅಷ್ಟು ಸುತ್ತಿ. ಸುತ್ತು ಒಂದೊಂದಕ್ಕೂ ಐದಾರು ಅಡಿ ಮೇಲೆ ಬರಬೇಕು. ಬರದೆ ಅದೇ ಆಳದಲ್ಲಿ ಗಾಣದೆತ್ತಿನಂತೆ ತಿರುಗುತ್ತಿದ್ದರೆ ಒತ್ತಡ ಸಾಲದು, ಲಿವರನ್ನು ಕೂದಲೆಳೆಯಷ್ಟು ಮುಂದಕ್ಕೆ ತನ್ನಿ. ಸಮುದ್ರಸಿಂಹ ಹತ್ತಿರ ಸುಳಿದಾಡುತ್ತಿದ್ದರೂ ಹಾಗೆಯೇ ಮಾಡಬೇಕಾದೀತು, ತಡಮಾಡಿದರೆ ಬೋಟಿಗೆ ಬರುವುದು ತಲೆಯೊಂದೇ.

ಮೇಲ್ಮೈಗೆ ಬಂದಾಗ ಒಂದು ಹೆಜ್ಜೆ ಹಿಂದೆ ಸರಿಯಿರಿ, ತುದಿಯನ್ನು ಒಂದೇ ಎತ್ತರದಲ್ಲಿ ಸ್ಥಿರವಾಗಿ ಹಿಡಿಯಿರಿ. ಮೀನಿನ ತಲೆ ಗ್ಯಾಫ್, ಅಂದರೆ ಉದ್ದ ಕೋಲಿನ ಕೊಕ್ಕೆ, ಹಿಡಿದ ಹುಡುಗರ ಕಡೆಗೆ ಬರುವಂತೆ ನಡೆಸುವುದು ನಿಮ್ಮ ಪಾಲು, ಉಳಿದದ್ದು ಅವರದು. ಲೀಡರಿಗೆ ಕೈ ಹಾಕಬೇಡಿ, ಇಣುಕಿ ಫೋಟೊ ತೆಗೆಯಬೇಡಿ. ಒಮ್ಮೆ ಗ್ಯಾಫ್ ತಪ್ಪಿದರೆ ಮೀನು ಮತ್ತೆ ನೂರು ಅಡಿ ಧುಮುಕಬಹುದು, ಅದಕ್ಕೆ ಡ್ರ್ಯಾಗ್ ಸಿದ್ಧವಿರಲಿ. 100ರ ಮೇಲಿನ ಮೀನಿಗೆ ಎರಡು ಮೂರು ಗ್ಯಾಫ್ ಬೀಳುತ್ತವೆ. ಬಿದ್ದ ಮೇಲೆ "ಫ್ರೀ ಸ್ಪೂಲ್" ಎಂದು ಕೂಗುತ್ತಾರೆ. ಆಗ, ಆಗ ಮಾತ್ರ, ಹೆಬ್ಬೆರಳು ಸ್ಪೂಲಿನ ಮೇಲಿಟ್ಟು ಲಿವರನ್ನು ಪೂರ್ತಿ ಹಿಂದಕ್ಕೆ ತನ್ನಿ. ಬಿಗಿದ ಲೈನಿದ್ದಾಗ ಗಾಳ ಕಿತ್ತು ಬಂದರೆ 250 ಗ್ರಾಂ ಜಿಗ್ಗು ಯಾರದೋ ಮುಖಕ್ಕೆ ಹಾರುತ್ತದೆ.

ಡೆಕ್ಕಿನ ಮೇಲೆ

ಬ್ಲೂಫಿನ್ ಬಿಸಿರಕ್ತದ ಮೀನು. ಸ್ನಾಯುಗಳ ಶಾಖವನ್ನು ರಕ್ತನಾಳಗಳ ಜಾಲವೊಂದು ದೇಹದೊಳಗೇ ಉಳಿಸಿಕೊಳ್ಳುವುದರಿಂದ ಸುತ್ತಲಿನ ನೀರಿಗಿಂತ ಅದರ ಮೈ ಬೆಚ್ಚಗಿರುತ್ತದೆ, ಹೋರಾಟದಲ್ಲಿ ಇನ್ನಷ್ಟು ಕಾಯುತ್ತದೆ. ಹಾಗೆಯೇ ಬಿಟ್ಟರೆ ಮಾಂಸ ಬೇಯಿಸಿದಂತೆ ಮಂಕಾಗಿ ಪುಡಿಯಾಗುತ್ತದೆ. ಜಪಾನೀ ಭಾಷೆಯಲ್ಲಿ ಇದರ ಹೆಸರು "ಯಾಕೆ" (yake). ಆದ್ದರಿಂದ ಫೋಟೊಗೆ ಒಂದು ನಿಮಿಷ ಸಾಕು. ಕಿವಿರಿನ ಹಿಂದಿನ ಪೊರೆ ಮತ್ತು ಪಕ್ಕದ ಈಜುರೆಕ್ಕೆಯ ಹಿಂದೆ ಎರಡು ಬೆರಳಗಲ ಬಿಟ್ಟು ಕೊಯ್ದು ರಕ್ತ ಬಸಿಯಬೇಕು, ಆಮೇಲೆ ಶೀತಲ ಉಪ್ಪುನೀರಿನ ಗುಂಡಿಗೆ. ಹುಡುಗರೇ ಮಾಡುತ್ತಾರೆ. ನಿಮ್ಮ ನಂಬರಿನ ಚೀಟಿ ಬಿದ್ದಿದೆಯೇ ಎಂದು ನೋಡಿಕೊಳ್ಳುವುದು ನಿಮ್ಮ ಕೆಲಸ.

ಬೋಟಿನಲ್ಲಿ ತೂಕದ ಯಂತ್ರವಿಲ್ಲದಿದ್ದರೆ ಟೇಪು ಸಾಕು. ಮೂತಿಯಿಂದ ಬಾಲದ ಕವಲಿನವರೆಗೆ ಉದ್ದ, ಮೈಯ ಅತಿ ದಪ್ಪ ಜಾಗದ ಸುತ್ತಳತೆ, ಎರಡೂ ಇಂಚಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ. ಉದ್ದ 60, ಸುತ್ತಳತೆ 42 ಇದ್ದರೆ ಸುಮಾರು 132 ಪೌಂಡು. ಟೇಪನ್ನು ಮೈಯ ಉಬ್ಬಿನ ಮೇಲೆ ಹಾಯಿಸಿ ಉದ್ದ ಹೆಚ್ಚಿಸಿಕೊಳ್ಳುವವರೂ ಇದ್ದಾರೆ, ನೇರ ಅಳತೆಯೇ ಲೆಕ್ಕ.

ಸಮುದ್ರದಲ್ಲೇ ತುಂಡು ಮಾಡಿಸುವುದಾದರೆ ಜಾತಿ ಗುರುತಿಸಲು ಆಗುವಂತೆ ನಿಯಮದ ಪ್ರಕಾರವೇ ಕತ್ತರಿಸಿ, ಒಂದೊಂದು ಮೀನನ್ನು ಬೇರೆ ಬೇರೆ ಚೀಲಕ್ಕೆ ಹಾಕಬೇಕು. ದಕ್ಕೆಗೆ ಬಂದ ಮೇಲೆ ಮಾಡಿಸುವುದಾದರೆ ಅಲ್ಲಿಯೇ ಸಂಸ್ಕರಣೆಯವರು ಕಾದಿರುತ್ತಾರೆ. ಹೊಟ್ಟೆಯ ಕೊಬ್ಬಿನ ಭಾಗವನ್ನು ಬೇರೆ ಕಟ್ಟಿಸಿ. ಅದನ್ನು ಸಾರಿಗೆ ಹಾಕುವುದು ಪಾಪ, ಹಸಿಯಾಗಿ ತಿನ್ನಲು ಮನಸ್ಸಾಗದವರು ಬಿಸಿ ಕಾವಲಿಯ ಮೇಲೆ ಒಂದೊಂದು ಬದಿ ಅರ್ಧ ನಿಮಿಷ ತಾಕಿಸಿದರೆ ಸಾಕು. ಸಾರಿಗೆ ಬೆನ್ನಿನ ಕೆಂಪು ಭಾಗ ಇದ್ದೇ ಇದೆ. ಡೆಕ್ಕಿನ ಹುಡುಗರಿಗೆ ಟಿಕೆಟ್ಟಿನ ಶೇ. 15–20 ಟಿಪ್ಸು ವಾಡಿಕೆ. ಗೋಜಲು ಬಿಡಿಸಿ, ಗ್ಯಾಫ್ ಹಾಕಿ, ರಾತ್ರಿಯೆಲ್ಲ ನಿಂತವರು ಅವರು.

ಮನೆಗೆ ಬಂದ ದಿನವೇ ರೀಲಿನ ಮೇಲೆ ಸಿಹಿನೀರನ್ನು ಮೆಲ್ಲಗೆ ಚಿಮುಕಿಸಿ ಒರೆಸಿ. ಜೋರಾಗಿ ಪೈಪು ಹಿಡಿದರೆ ಉಪ್ಪು ಬೇರಿಂಗಿನೊಳಗೇ ಹೋಗುತ್ತದೆ. ಲಿವರನ್ನು ಪೂರ್ತಿ ಸಡಿಲಿಸಿಡಿ, ಬಿಗಿದಿಟ್ಟರೆ ಡ್ರ್ಯಾಗಿನ ಬಿಲ್ಲೆಗಳು ಅಂಟಿಕೊಂಡು ಮುಂದಿನ ಸಲ ಲೈನು ಜರ್ಕು ಹೊಡೆಯುತ್ತದೆ. ಎಫ್‌ಜಿ ಗಂಟು ಎಷ್ಟೇ ಚೆನ್ನಾಗಿ ಕಂಡರೂ ಬ್ರೇಡಿನ ಕೊನೆಯ ಹದಿನೈದು ಅಡಿಯ ಜೊತೆ ಕತ್ತರಿಸಿ ಕಸದ ಬುಟ್ಟಿಗೆ ಹಾಕಿ.